ಗೋಡೆಯಾಚೆ ಅವಳದೇ ದನಿ

ಡಬ್ಬಿಂಗ್ ಸ್ಟುಡಿಯೋದಲ್ಲಿ ಅವಳಿಗೆ ‘ಅಳುಮುಂಜಿ ಅಕ್ಕ’ ಎಂದೇ ಹೆಸರು. ಹದಿನಾರು ವರ್ಷ ಧಾರಾವಾಹಿಗಳ ಸೊಸೆಯಂದಿರು ಅತ್ತದ್ದೆಲ್ಲ ಅವಳ ಗಂಟಲಿನಿಂದಲೇ. ಪರದೆಯ ಮೇಲೆ ಮುಖಗಳು ಬದಲಾಗುತ್ತಿದ್ದವು, ದನಿ ಮಾತ್ರ ಅದೇ. ಬಿಕ್ಕುವ ಅಳು, ನುಂಗಿಕೊಳ್ಳುವ ಅಳು, ಬಾಗಿಲ ಸಂದಿಯ ಅಳು, ಯಾವುದು ಬೇಕೆಂದರೂ ಸಾಮಾನು ಕಟ್ಟಿಕೊಟ್ಟಷ್ಟು ಸಲೀಸಾಗಿ ಕೊಡುತ್ತಿದ್ದಳು. ಸ್ವಂತಕ್ಕೆ ಮಾತ್ರ ಗಟ್ಟಿಗಿತ್ತಿ. ಮದುವೆಯಾದ ಎರಡೇ ವರ್ಷಕ್ಕೆ ಗಂಡನ ಮನೆ ಬಿಟ್ಟು ಬಂದ ದಿನವೂ ಕಣ್ಣು ಒದ್ದೆ ಮಾಡಿಕೊಂಡವಳಲ್ಲ.

ಒಂದು ಮಧ್ಯಾಹ್ನ ಗಂಟಲು ಕಟ್ಟಿ ಮನೆಯಲ್ಲೇ ಮಲಗಿದ್ದಳು. ಪಕ್ಕದ ಮನೆಗೂ ಅವಳ ಕೋಣೆಗೂ ನಡುವೆ ಒಂದೇ ಗೋಡೆ. ಅದರಾಚೆಯಿಂದ ಅವಳದೇ ದನಿ ಕೇಳಿಸಿತು.

‘ತಪ್ಪೆಲ್ಲ ನಂದೇ ರೀ. ನಿಮ್ಮ ಕೈಗೆ ನೋವಾಯ್ತೇನೋ.’

ಹಿಂದಿನ ವಾರದ ಕಂತಿನ ಮಾತು. ‘ಕೈಗೆ’ ಎನ್ನುವಲ್ಲಿ ಅವಳು ಉಸಿರು ಒಡೆದಿದ್ದಳು. ಇಲ್ಲೂ ಅಲ್ಲೇ ಒಡೆಯಿತು. ಟೀವಿಯಲ್ಲಿ ಮರುಪ್ರಸಾರ ಇರಬೇಕು ಎಂದುಕೊಂಡು ಮಗ್ಗುಲು ಬದಲಿಸಿದಾಗ ತಲೆಯ ಮೇಲಿನ ಫ್ಯಾನು ಕಣ್ಣಿಗೆ ಬಿತ್ತು. ನಿಂತಿತ್ತು. ಬೆಳಗಿನಿಂದ ಇಡೀ ಬೀದಿಗೆ ಕರೆಂಟಿರಲಿಲ್ಲ.

ಮಾರನೆಯ ದಿನ ಪಕ್ಕದ ಮನೆಯಾತ ಕೆಲಸಕ್ಕೆ ಹೋಗುವುದನ್ನೇ ಕಾದು, ಸೂಜಿ ಕೇಳುವ ನೆಪದಲ್ಲಿ ಬಾಗಿಲು ತಟ್ಟಿದಳು. ತೆರೆದವಳು ಮದುವೆಯಾಗಿ ವರ್ಷವೂ ತುಂಬದ ಹುಡುಗಿ. ಕಿವಿಯ ಪಕ್ಕ ಊದಿಕೊಂಡಿತ್ತು. ಬಚ್ಚಲಲ್ಲಿ ಜಾರಿಬಿದ್ದೆ ಎಂದಳು. ಅಕ್ಕ ಸುಮ್ಮನೆ ನೋಡುತ್ತಲೇ ಇದ್ದುದಕ್ಕೆ ಇರಬೇಕು, ಆಮೇಲೆ ತಾನಾಗಿಯೇ ಬಾಯಿಬಿಟ್ಟಳು.

‘ನಂಗೆ ಅಳೋಕೆ ಬರ್ತಿರಲಿಲ್ಲ ಅಕ್ಕಾ. ಎದುರು ಮಾತಾಡ್ತಿದ್ದೆ, ಅದಕ್ಕೇ ಜಾಸ್ತಿ ಬೀಳ್ತಿತ್ತು. ಆ ಸೀರಿಯಲ್ ಹುಡುಗಿ ಥರಾನೇ ಹೇಳಿದ್ರೆ ಬೇಗ ಸುಮ್ನಾಗ್ತಾರೆ. ಕನ್ನಡಿ ಮುಂದೆ ನಿಂತು ಕಲ್ತೆ.’

ಆ ದನಿ ತನ್ನದೇ ಎಂದು ಅಕ್ಕ ಹೇಳಿದಾಗ ಹುಡುಗಿ ನಕ್ಕುಬಿಟ್ಟಳು. ಅಕ್ಕ ಕಟ್ಟಿದ ಗಂಟಲಲ್ಲೇ ಆ ಮಾತನ್ನು ಹೇಳಿ ತೋರಿಸಿದಳು. ನಗು ಅರ್ಧಕ್ಕೇ ನಿಂತಿತು.

‘ಹೇಳೋವಾಗ ನಿಮಗೂ ಅಳು ಬರ್ತಿತ್ತಾ?’

‘ಇಲ್ಲಮ್ಮ. ಹೇಳಿ ಮುಗಿಸಿ ನೀರು ಕುಡೀತಿದ್ದೆ.’

ಯಾವ ಹೊತ್ತಿಗಾದರೂ ತನ್ನ ಮನೆಗೆ ಬಂದುಬಿಡು, ಚಿಲಕ ಹಾಕಿರುವುದಿಲ್ಲ ಎಂದು ಅಕ್ಕ ಹೇಳಿದ್ದಕ್ಕೆ, ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಹುಡುಗಿ ಬಾಗಿಲು ಮುಂದೆ ಮಾಡಿಕೊಂಡಳು.

ಗಂಟಲು ಸರಿಹೋದ ಮೇಲೆ ಸ್ಟುಡಿಯೋಗೆ ಹೋದರೆ ಮತ್ತೊಂದು ಕಪಾಳಮೋಕ್ಷ, ಮತ್ತೊಂದು ಕ್ಷಮೆ. ಮೂರು ಸಲ ಬಾಯಿ ತೆರೆದಳು, ದನಿ ಏಳಲಿಲ್ಲ. ಈ ಮಾತು ಬದಲಿಸಿ ಎಂದು ಕೇಳಿಕೊಂಡಳು. ಜನ ನೋಡುವುದೇ ಇದನ್ನು, ನಿಮಗೇನಾಗಿದೆ ಇವತ್ತು ಎಂದು ನಿರ್ದೇಶಕ ಬೇಸರಪಟ್ಟುಕೊಂಡ. ಅವಳು ಹೆಡ್‌ಫೋನ್ ತೆಗೆದಿಟ್ಟು ಎದ್ದು ಬಂದಳು. ಮರುದಿನವೇ ಇನ್ನೊಬ್ಬಳು ಬಂದು ಅತ್ತಳು. ನೋಡುವವರಿಗೆ ವ್ಯತ್ಯಾಸವೇ ತಿಳಿಯಲಿಲ್ಲ.

ಅದೇ ತಿಂಗಳು ಪಕ್ಕದ ಮನೆಗೆ ಬೀಗ ಬಿತ್ತು. ಗಂಡನಿಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿತಂತೆ ಎಂದಷ್ಟೇ ಮನೆ ಮಾಲೀಕರಿಗೆ ಗೊತ್ತಿತ್ತು.

ಅಕ್ಕ ಈಗ ಕಣ್ಣು ಕಾಣದ ಮಕ್ಕಳಿಗಾಗಿ ಶಾಲೆಯ ಪಾಠಗಳನ್ನು ಓದಿ ರೆಕಾರ್ಡ್ ಮಾಡುತ್ತಾಳೆ. ನದಿಗಳು, ಗ್ರಹಗಳು, ಭಿನ್ನರಾಶಿ. ನೆಮ್ಮದಿಯ ಕೆಲಸ. ಮನೆಯಲ್ಲಿ ಆ ಗೋಡೆಯ ಕಡೆ ತಲೆ ಹಾಕಿ ಮಲಗುವುದನ್ನು ಮಾತ್ರ ಬಿಟ್ಟಿದ್ದಾಳೆ.

ಮೊನ್ನೆ ಚಪ್ಪಲಿ ಅಂಗಡಿಯಲ್ಲಿ ಬೆನ್ನ ಹಿಂದೆ ಯಾರೋ ಫೋನಿನಲ್ಲಿ ‘ತಪ್ಪು ನಂದೇ ರೀ’ ಎಂದರು. ಅಕ್ಕ ಒಡೆಯುತ್ತಿದ್ದ ಹಾಗೆಯೇ ಉಸಿರು ಒಡೆದಿತ್ತು. ಅಕ್ಕ ಒಂದು ಕಾಲಿಗೆ ಹೊಸ ಚಪ್ಪಲಿ, ಇನ್ನೊಂದಕ್ಕೆ ಹಳೆಯದು ಹಾಕಿಕೊಂಡೇ ಎರಡು ಬೀದಿ ಆ ಹೆಂಗಸಿನ ಹಿಂದೆ ಹೋದಳು. ತಿರುಗಿ ನೋಡಿದವಳು ಆ ಹುಡುಗಿಯಲ್ಲ. ಐವತ್ತು ದಾಟಿದ, ಕನ್ನಡಕ ಹಾಕಿದ ಹೆಂಗಸು. ಏನು ಬೇಕಿತ್ತು ಎಂದು ವಿಚಾರಿಸಿದಳು. ಅಕ್ಕ ಒಂಟಿ ಹೊಸ ಚಪ್ಪಲಿಯನ್ನು ಕಳಚಿ ಕೈಯಲ್ಲಿ ಹಿಡಿದು ಅಂಗಡಿಯ ಕಡೆ ತಿರುಗಿದಳು.