ಪಾದರಸದ ಹಾಜರಿ
ಗಂಗಾನಗರದ ನಮ್ಮ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು ರಾಮಕೃಷ್ಣಪ್ಪ ಅಪ್ಪಟ ಮಾರ್ಕ್ಸ್‌ವಾದಿ. ಗ್ರಹ ಕಂಡುಹಿಡಿದ ವಿಜ್ಞಾನಿಯ ಹೆಸರು ಬರೆದರೆ ಒಂದೇ ಅಂಕ. ಅವನ ದೂರದರ್ಶಕದ ಗಾಜು ಉಜ್ಜಿದವರು ಯಾರು ಎಂದು ಕೇಳಿದವರಿಗೆ ಎರಡು. “ವಿಜ್ಞಾನ ಆಕಾಶದಿಂದ ಉದುರಿಲ್ಲ ಕಣ್ರೋ, ಕೂಲಿಯವರ ಕೈಯಿಂದ ಬಂದಿದ್ದು,” ಎನ್ನುತ್ತಾ ತಮ್ಮ ಊಟದ ಡಬ್ಬಿಯನ್ನೂ ತಿರುಗಿಸಿ ನೋಡಿ, ಮಾಡಿದವರ ಹೆಸರಿಲ್ಲವೆಂದು ಸಿಡಿಮಿಡಿಗೊಳ್ಳುತ್ತಾರೆ. ಪ್ರಯೋಗಕ್ಕೆ ಮೊದಲು ನಮ್ಮ ಹಾಜರಿ ಮುಗಿಸಿ, ಉಪಕರಣ ಮಾಡಿದ ಕೆಲಸಗಾರರ ಹಾಜರಿ ಕರೆಯುತ್ತಾರೆ. ಯಶವಂತಪುರದ ಮುಚ್ಚಿಹೋದ ಕಾರ್ಖಾನೆಗಳನ್ನು ಅಲೆದು ಅವರೇ ಹುಡುಕಿ ತಂದ ಹೆಸರುಗಳು ಅವು: ತಕ್ಕಡಿಗೆ ಮುನಿವೆಂಕಟಪ್ಪ, ಗಾಜಿನ ಕೊಳವೆಗೆ ಸತ್ತಾರ್ ಸಾಬ್. ಪ್ರತಿ ಹೆಸರಿನ ನಂತರ, ಉತ್ತರ ಬರಬಹುದು ಎಂಬಂತೆ ಒಂದಿಷ್ಟು ಹೊತ್ತು ಕಾಯುತ್ತಾರೆ. ಹಿಂದಿನ ಬೆಂಚಿನಲ್ಲಿ ನಾವು ನಗುತ್ತೇವೆ. ಕೊನೆಯ ಹೆಸರು ಥರ್ಮಾಮೀಟರಿನದು, ಗೋಪಾಲಮ್ಮ. ಅದನ್ನು ಕರೆಯುವಾಗ ಮಾತ್ರ ಮೇಷ್ಟ್ರು ಎದ್ದು ನಿಲ್ಲುತ್ತಾರೆ. ಮೊನ್ನೆ ಆ ಹೆಸರು ಬರುವ ಮೊದಲೇ ನಮ್ಮ ತರಗತಿಯ ಸರಳಾ ಕೇಳಿಯೇಬಿಟ್ಟಳು: “ಅದ್ಯಾರು ಸಾರ್ ಗೋಪಾಲಮ್ಮ?” “ನಮ್ಮಮ್ಮ ಕಣಮ್ಮ. ಹನ್ನೆರಡು ವರ್ಷ ಪಾದರಸ ತುಂಬಿದ್ಲು. ಕೊನೇಲಿ ನೀರಿನ ಲೋಟ ಹಿಡಿಯಕ್ಕೂ ಆಗ್ತಿರ್ಲಿಲ್ಲ, ಆ ಪಾದರಸದ ವಿಷಕ್ಕೆ ಕೈ ಅಷ್ಟು ನಡುಗ್ತಿತ್ತು.” ಆಮೇಲೆ ಅವರು ಎದ್ದು ಹೆಸರು ಕರೆದರು. ಯಾರೂ ಮುಟ್ಟದೆ ಸ್ಟ್ಯಾಂಡಿಗೆ ತೂಗುಹಾಕಿದ್ದ ಥರ್ಮಾಮೀಟರಿನೊಳಗೆ ಪಾದರಸ ಸಣ್ಣಗೆ ನಡುಗತೊಡಗಿತು. ಮೇಷ್ಟ್ರು ತಲೆಯೆತ್ತಲಿಲ್ಲ, ದಿನವೂ ಮಾಡುವಂತೆ, ಪುಸ್ತಕದಲ್ಲಿ ಅಮ್ಮನ ಹಾಜರಿ ಹಾಕಿಕೊಂಡರು.