ಎಂಬತ್ತಕ್ಕೆ ನಡುಗುವ ಕಾರು

ಆಗುವುದಿಲ್ಲ ಎಂದು ಮೊದಲು ಹೇಳಿದವನು ನನ್ನ ಸೋದರಮಾವ, ಅಮ್ಮನ ಸ್ವಂತ ತಮ್ಮ. ಗೊರಗುಂಟೆಪಾಳ್ಯದಲ್ಲಿ ಅವನದೊಂದು ಕಾರು ಗ್ಯಾರೇಜಿದೆ. ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಸೇರುತ್ತೇನೆ ಎಂದ ದಿನ ಅವನು ಹುಣಸಮಾರನಹಳ್ಳಿಯ ನಮ್ಮ ಮನೆಯ ಜಗಲಿಯ ಮೇಲೆ ಕೂತು ಮನಸಾರೆ ನಕ್ಕ.

"ಅಕ್ಕ, ನಮ್ ಕಡೆ ಭಾವನ್ ಕಡೆ ಎರಡೂ ಸೇರ್ಸು, ಎಸ್ಸೆಲ್ಸಿ ದಾಟಿದೋರು ಯಾರವ್ರೆ ಹೇಳು? ಇವಳು ಡಿಗ್ರಿ ಮಾಡ್ತಾಳಂತೆ. ಅದೂ ಮೆಕ್ಯಾನಿಕಲ್ಲು! ಗಾಡಿ ರಿಪೇರಿ ಕಿವಿಯಿಂದ ಬರೋ ವಿದ್ಯೆ ಕಣಕ್ಕ, ಬುಕ್ಕಿಂದ ಬರಲ್ಲ. ಎರಡ್ನೇ ವರ್ಷಕ್ಕೆ ವಾಪಸ್ ಬರ್ತಾಳೆ, ಬರ್ದಿಟ್ಕೊ."

ಅಮ್ಮ ಎರಡನೇ ಸಲ ಅವನ ಲೋಟಕ್ಕೆ ಕಾಫಿ ಹುಯ್ಯಲಿಲ್ಲ. ಅವತ್ತು ಅವಳು ಕೊಟ್ಟ ಉತ್ತರ ಅಷ್ಟೇ.

ಎರಡನೇ ವರ್ಷಕ್ಕೆ ನಾನು ವಾಪಸ್ ಬರಲಿಲ್ಲ. ಇಂಗ್ಲಿಷಿನಲ್ಲಿದ್ದ ಪಾಠಗಳನ್ನು ಒಂದು ಸಲ ಪದಗಳಿಗಾಗಿ, ಇನ್ನೊಂದು ಸಲ ಅರ್ಥಕ್ಕಾಗಿ ಓದಿ ನಾಲ್ಕನೇ ವರ್ಷಕ್ಕೆ ಬಂದೆ. ಮನೆಯಲ್ಲಿ ಒಂದು ಮಾತಾಗಿತ್ತು: ಒಂದೇ ಒಂದು ವರ್ಷ ಹಿಂದೆ ಬಿದ್ದರೂ ಓದು ಅಲ್ಲಿಗೆ ನಿಲ್ಲಬೇಕು. ಅಪ್ಪ ಏರ್‌ಪೋರ್ಟಿಗೆ ಬಾಡಿಗೆ ಓಡಿಸುವ ಸೆಕೆಂಡ್‌ಹ್ಯಾಂಡ್ ಚಿಕ್ಕ ಕಾರಿನ ಮೇಲೆಯೇ ನಾವು ಮೂವರೂ ನಿಂತಿದ್ದೆವು. ಐದನೇ ವರ್ಷವೊಂದನ್ನು ಎಳೆಯುವ ಶಕ್ತಿ ಅದಕ್ಕಿರಲಿಲ್ಲ.

ಕೊನೆಯ ವರ್ಷಕ್ಕೆ ಪ್ರಾಜೆಕ್ಟ್ ಮಾಡಬೇಕು. ನಮ್ಮಲ್ಲಿ ಬಹಳ ಮಂದಿಗೆ ಪ್ರಾಜೆಕ್ಟ್ ಎಂದರೆ ಅಂಗಡಿಯಲ್ಲಿ ಸಿಗುವ ಸಾಮಾನು. ಒಂದು ಮಾದರಿ ಯಂತ್ರ, ಬೈಂಡ್ ಮಾಡಿದ ವರದಿ, ವೈವಾದಲ್ಲಿ ಕೇಳಬಹುದಾದ ಪ್ರಶ್ನೆಗಳಿಗೆ ಉತ್ತರ, ಎಲ್ಲ ಒಟ್ಟಿಗೆ ಕಟ್ಟಿಕೊಡುತ್ತಾರೆ. ನನ್ನ ತಂಡದ ಮೂವರು ಅದಕ್ಕೇ ಹೊರಟರು. ನಾನು ಬರುವುದಿಲ್ಲ ಎಂದೆ. ಚಿಕ್ಕ ಕಾರಿನಲ್ಲಿ ಬರುವ ವಿಚಿತ್ರ ಶಬ್ದ, ನಡುಕಗಳ ಮೂಲ ಹುಡುಕುವುದೇ ನನ್ನ ವಿಷಯ ಎಂದು ಒಬ್ಬಳೇ ಬರೆದುಕೊಟ್ಟೆ. ಗೈಡ್ ಸರ್ ಹಾಳೆ ನೋಡಿ ಕನ್ನಡಕ ತೆಗೆದರು.

"ನಿಜವಾದ ಗಾಡಿ ಬೇಕಮ್ಮ, ನಿಜವಾದ ತೊಂದರೆ ಇರ್ಬೇಕು. ಕಾರಣ ನೀನೇ ಹುಡುಕಿ, ಸರಿ ಮಾಡಿ ಪ್ರೂವ್ ಮಾಡ್ಬೇಕು. ಇಲ್ಲಾಂದ್ರೆ ಫೇಲ್ ಮಾಡ್ತಾರೆ, ನಾನೇನೂ ಮಾಡಕ್ಕಾಗಲ್ಲ. ಸುಮ್ನೆ ಅವರ ಜೊತೆ ಸೇರ್ಕೊಂಬಿಡು."

"ಗಾಡಿ ಮನೇಲೇ ಇದೆ ಸರ್. ತೊಂದರೆನೂ ಇದೆ."

ಇತ್ತು. ಆಯುಧಪೂಜೆ ಮುಗಿದ ಮೇಲೆ ಅಪ್ಪನ ಕಾರು ನಡುಗತೊಡಗಿತ್ತು. ಸ್ಟೇರಿಂಗ್ ಕೈಯಲ್ಲಿ ಗಡಗಡ ಅನ್ನುತ್ತಿತ್ತು. ಡ್ಯಾಶ್‌ಬೋರ್ಡಿನ ಒಳಗೆಲ್ಲೋ ಡಬ್ಬಿಯಲ್ಲಿ ಕಡಲೆಕಾಯಿ ಅಲ್ಲಾಡಿಸಿದಂಥ ಶಬ್ದ. ಹಿಂದೆ ಕೂತ ಪ್ರಯಾಣಿಕರು ಏನ್ರೀ ಇದು ಎಂದರೆ ಅಪ್ಪ "ರೋಡು ಸಾರ್" ಎಂದು ತಪ್ಪಿಸಿಕೊಳ್ಳುತ್ತಿದ್ದ. ರೋಡು ಚೆನ್ನಾಗಿಯೇ ಇತ್ತು.

ಗಾಡಿ ಮೊದಲು ಹೋದದ್ದು ಮಾವನ ಗ್ಯಾರೇಜಿಗೆ. ಅವನು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಕಣ್ಣು ಮುಚ್ಚುತ್ತಾನೆ. ವೈದ್ಯರ ಸ್ಟೆಥಾಸ್ಕೋಪಿಗೂ ಅದಕ್ಕೂ ಏನೂ ವ್ಯತ್ಯಾಸವಿಲ್ಲ. ಇಂಜಿನ್ ಕೂರಿಸುವ ರಬ್ಬರು ಹೋಗಿದೆ ಎಂದ, ಬದಲಾಯಿಸಿದ. ನಡುಕ ಹೋಗಲಿಲ್ಲ. ಹಾಗಾದರೆ ಗೇರ್‌ಬಾಕ್ಸ್ ಇಳಿಸಬೇಕು ಎಂದ. ಗೇರ್‌ಬಾಕ್ಸ್ ಇಳಿಸಿದರೆ ಗಾಡಿ ವಾರಗಟ್ಟಲೆ ನಿಲ್ಲುತ್ತದೆ. ಅಪ್ಪನ ಮುಖ ಸಣ್ಣಗಾಯಿತು.

"ಮಾವ, ಎಷ್ಟು ಸ್ಪೀಡಲ್ಲಿ ಓಡ್ಸಿ ನೋಡ್ದೆ?" ಎಂದೆ.

"ಸ್ಪೀಡಾ? ಗೊರಗುಂಟೆಪಾಳ್ಯದಲ್ಲಿ ಇಪ್ಪತ್ತರ ಮೇಲೆ ಓಡ್ಸಿದ್ರೆ ಪೇಪರಲ್ಲಿ ಫೋಟೋ ಹಾಕ್ತಾರೆ."

"ಅಪ್ಪಂಗೆ ನಡುಕ ಬರೋದು ಏರ್‌ಪೋರ್ಟ್ ರೋಡಲ್ಲಿ. ಒಂದ್ ವಾರ ಬಿಡು. ಗೇರ್‌ಬಾಕ್ಸ್ ಮುಟ್ಬೇಡ."

"ಆಗ್ಲಿ ಇಂಜಿನಿಯರಮ್ಮ. ತಾವು ಬುಕ್ಕು ಓದಿ. ನಾನು ಸ್ಪ್ಯಾನರ್ ತೊಳ್ದಿಟ್ಕೊಂಡಿರ್ತೀನಿ."

ಬೆಳಿಗ್ಗೆ ಮೊದಲ ಬಾಡಿಗೆಗೆ ಅಪ್ಪ ಖಾಲಿ ಗಾಡಿ ತೆಗೆದುಕೊಂಡು ಹೋಗುವಾಗ ನಾನು ಪಕ್ಕದಲ್ಲಿ ನೋಟ್‌ಬುಕ್ ಹಿಡಿದು ಕೂರತೊಡಗಿದೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು, ಮಿಕ್ಕದ್ದನ್ನೆಲ್ಲ ಇದ್ದಂತೆಯೇ ಬಿಡಬೇಕು ಎಂಬುದು ನಾನೇ ಹಾಕಿಕೊಂಡ ನಿಯಮ. ನಿಂತಲ್ಲೇ ಇಂಜಿನ್ ಜೋರು ಮಾಡಿಸಿದೆ: ನಡುಕವಿಲ್ಲ. ಅರವತ್ತರಲ್ಲಿ ಇಲ್ಲ. ಎಪ್ಪತ್ತಕ್ಕೆ ಶುರು, ಎಂಬತ್ತಕ್ಕೆ ಜೋರು. ನಾಲ್ಕನೇ ಗೇರಿನಲ್ಲೂ ಎಂಬತ್ತಕ್ಕೇ, ಐದರಲ್ಲೂ ಎಂಬತ್ತಕ್ಕೇ.

"ಈಗ ಕ್ಲಚ್ ಒತ್ತಪ್ಪ."

ಒತ್ತಿದ. ಇಂಜಿನ್ ತಣ್ಣಗೆ ಗುರ್ ಎಂದಿತು. ಸ್ಟೇರಿಂಗ್ ಮಾತ್ರ ಹಾಗೆಯೇ ನಡುಗುತ್ತಿತ್ತು. ಇಂಜಿನ್ನಿನದು ತಪ್ಪಿಲ್ಲ ಎಂದು ಬರೆದುಕೊಂಡೆ.

"ಇದ್ಕೆಲ್ಲಾ ಮಾರ್ಕ್ಸ್ ಕೊಡ್ತಾರೇನವ್ವ?" ಅಪ್ಪ ಕೇಳಿದ.

"ಸರಿಯಾಗಿ ಹುಡುಕಿದ್ರೆ ಕೊಡ್ತಾರೆ. ಇಲ್ಲಾಂದ್ರೆ ಒಂದ್ ವರ್ಷ ಹೋಗುತ್ತೆ."

ಅಪ್ಪ ಗಾಡಿಯನ್ನು ಮತ್ತೆ ಎಂಬತ್ತಕ್ಕೆ ತಂದ. "ಅಂಗಾದ್ರೆ ಇನ್ನೊಂದ್ ಸಲ ಒತ್ತುತೀನಿ. ನೆಟ್ಟಗೆ ನೋಡ್ಕೊ."

ಮಾರನೆಯ ದಿನ ಅಂಗಳದಲ್ಲಿ ಜಾಕ್ ಕೊಟ್ಟು ಮುಂದಿನ ಚಕ್ರಗಳನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಹಾಕಿದೆವು. ಏರ್‌ಪೋರ್ಟ್ ರಸ್ತೆಯಲ್ಲಿ ಎಂಬತ್ತು ಮುಟ್ಟಿದಾಗ ಸ್ಟೇರಿಂಗ್ ಅಲುಗಲಿಲ್ಲ. ಅಪ್ಪ ನನ್ನ ಕಡೆ ತಿರುಗಿ, "ಈಗ ಕುಂಡಿ ನಡುಗ್ತಾ ಅದೆ ಕಣವ್ವ" ಎಂದ. ನಾನು ಅಷ್ಟು ಜೋರಾಗಿ ಯಾವತ್ತೂ ನಕ್ಕಿರಲಿಲ್ಲ. ಚಕ್ರದ ಜೊತೆ ನಡುಕವೂ ಹಿಂದಕ್ಕೆ ಹೋಗಿತ್ತು. ಗೇರ್‌ಬಾಕ್ಸ್ ಉಳಿಯಿತು.

ಮನೆಗೆ ಬಂದು ಆ ಎರಡು ಚಕ್ರಗಳ ಮುಂದೆ ಕುಕ್ಕರಗಾಲಲ್ಲಿ ಕೂತೆ. ಹಳೆಯ ಮಾಲೀಕ ಹಾಕಿಸಿದ್ದ ಅಲಾಯ್ ಚಕ್ರಗಳವು. ಕಡ್ಡಿಗಳ ನಡುವೆ, ಒಳಮೈಯಲ್ಲಿ, ಬೆರಳುದ್ದದ ಒಂದು ಬೆಳ್ಳನೆಯ ಗುರುತು; ಅಂಚಿನಲ್ಲಿ ಒಣಗಿದ ಗೋಂದು. ಎರಡರಲ್ಲೂ. ಇನ್ನೆರಡು ಚಕ್ರಗಳನ್ನು ನೋಡಿದೆ. ಅಲ್ಲಿ ಅಂಥ ಜಾಗದಲ್ಲಿ ಬೂದು ಬಣ್ಣದ ಪುಟ್ಟ ಲೋಹದ ತುಂಡುಗಳು ಸಾಲಾಗಿ ಅಂಟಿಕೊಂಡಿದ್ದವು. ಆ ತುಂಡುಗಳು ನನಗೆ ಗೊತ್ತಿದ್ದವು.

ಆಯುಧಪೂಜೆಯ ಹಿಂದಿನ ದಿನ ಗಾಡಿ ತೊಳೆದವರು ನಾನು ಮತ್ತು ಅಮ್ಮ. ಅಮ್ಮ ಹಿತ್ತಾಳೆ ದೀಪ ಉಜ್ಜುವ ಹಾಗೆ ಹುಣಸೆಹಣ್ಣು ಹಾಕಿ ಚಕ್ರ ಉಜ್ಜುತ್ತಿದ್ದಳು. ಒಳಗಡೆ ಏನೋ ಅಂಟಿಕೊಂಡಿದೆ, ಬಿಡುತ್ತಿಲ್ಲ ಎಂದಳು. ನಾನು ಅಡುಗೆಮನೆಯಿಂದ ದೋಸೆ ಎಬ್ಬಿಸುವ ಸಟ್ಟುಗ ತಂದು ಒಂದೊಂದಾಗಿ ಕೆರೆದು ಬಿಸಾಡಿದೆ. "ಹಿಂದ್ಗಡೆ ಗಾಲಿ ಬಿಡು, ಮುಂದಿನದಕ್ಕೆ ತಾನೆ ಅರಿಶಿನ ಕುಂಕುಮ ಇಡೋದು, ನಿಂಬೆಹಣ್ಣು ಇಡೋದು" ಎಂದು ಅಮ್ಮ ಎದ್ದಳು. ಅದಕ್ಕೇ ಎರಡು ಚಕ್ರ ಬಚಾವಾಗಿದ್ದವು.

ಚಕ್ರದ ಒಂದು ಬದಿ ಭಾರವಾಗಿದ್ದರೆ ಅದಕ್ಕೆ ಸರಿತೂಗುವಂತೆ ಅಂಟಿಸುವ ವೇಟುಗಳು ಅವು. ತಿರುಗುವ ವಸ್ತುವಿನ ಸಮತೋಲನದ ಬಗ್ಗೆ ನಮಗೆ ಮೂರನೇ ವರ್ಷದಲ್ಲಿ ಇಡೀ ಒಂದು ಅಧ್ಯಾಯವಿತ್ತು. ಆ ಲೆಕ್ಕಕ್ಕೆ ನನಗೆ ಪೂರ್ತಿ ಅಂಕ ಬಂದಿತ್ತು. ಪುಸ್ತಕದಲ್ಲಿ ಅದು ಒಂದು ವೃತ್ತ, ಅದರ ಮೇಲೊಂದು ಚುಕ್ಕಿ. ನಮ್ಮ ಅಂಗಳದಲ್ಲಿ ಅದು ಗಲೀಜು.

ವೇಟು ತಾನಾಗಿ ಬಿದ್ದುಹೋಗಿತ್ತು ಎಂದು ಬರೆದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅಂಗಡಿಯ ವರದಿ ಕಂಡು ಮೂಗು ಮುರಿದವಳು ನಾನು. ಇದ್ದದ್ದನ್ನು ಇದ್ದ ಹಾಗೆ ಬರೆದೆ. ಬರೆಯುವ ಮೊದಲು ಅಪ್ಪನ ಜೊತೆ ಗ್ಯಾರೇಜಿಗೆ ಹೋಗಿ ಮಾವನ ಮುಂದೆ ನಿಂತು ಹೇಳಿದೆ.

ಅವನು ಬಾನೆಟ್ಟಿಗೆ ಒರಗಿಕೊಂಡು ಹೊಟ್ಟೆ ಹಿಡಿದು ನಕ್ಕ. "ನೀನೇ ಕಿತ್ತಾಕಿದ್ದಾ! ಸಟ್ಟುಗದಲ್ಲಿ! ನಾಲ್ಕ್ ವರ್ಷ ಓದಿ!"

"ಹೌದು ಮಾವ, ನಾನೇ. ಕಿತ್ತಿದ್ದೂ ನಾನೇ, ಹುಡುಕಿದ್ದೂ ನಾನೇ. ನೀನು ಚೆನ್ನಾಗಿದ್ದ ರಬ್ಬರ್ ಬದಲಾಯಿಸ್ದೆ, ಚೆನ್ನಾಗಿರೋ ಗೇರ್‌ಬಾಕ್ಸ್ ಇಳಿಸಕ್ಕೆ ಹೊರಟಿದ್ದೆ. ನಗೋದು ಆಯ್ತಾ? ಹಾಗಾದ್ರೆ ಗಾಡೀಲಿ ಕೂತ್ಕೊ."

ಯಲಹಂಕದ ಟೈರ್ ಅಂಗಡಿಯಲ್ಲಿ ಚಕ್ರಗಳನ್ನು ಬ್ಯಾಲೆನ್ಸ್ ಮಾಡುವ ಯಂತ್ರಕ್ಕೆ ಏರಿಸಿ ಹೊಸ ವೇಟು ಹಾಕಿಸಿದೆವು. ಅಲ್ಲಿಂದ ಮೂವರೂ ಏರ್‌ಪೋರ್ಟ್ ರಸ್ತೆಗೆ. ಅಪ್ಪ ಎಪ್ಪತ್ತು ದಾಟಿಸಿದ, ಎಂಬತ್ತು ಮುಟ್ಟಿಸಿದ. ಏನೂ ಇಲ್ಲ. ಮಾವ ಹಿಂದಿನಿಂದ ಬಗ್ಗಿ ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಊರಿದ. ಬಹಳ ಹೊತ್ತು ಹಾಗೆಯೇ ಇದ್ದ. ಆಮೇಲೆ, "ಮುಂದೆ ಎಲ್ಲಾದ್ರೂ ನಿಲ್ಸು ಭಾವ, ಟೀ ಕುಡಿಯಣ. ನಾನ್ ಕುಡಿಸ್ತೀನಿ" ಎಂದ.

ವೈವಾಕ್ಕೆ ಹೊರಗಿನ ಕಾಲೇಜಿನಿಂದ ಬಂದ ಪರೀಕ್ಷಕರು ನನ್ನ ವರದಿಯ ಒಂದು ಪುಟದಲ್ಲಿ ನಿಂತರು.

"ವೇಟು ತೆಗೆದವರು ಈ ವರದಿಯ ಲೇಖಕಿ ಅಂತಿದೆ. ಅಂದ್ರೆ ಯಾರು?"

"ನಾನೇ ಸರ್."

"ಮೂರ್ನೇ ವರ್ಷದಲ್ಲಿ ಬ್ಯಾಲೆನ್ಸಿಂಗ್ ಓದಿರ್ಲಿಲ್ವಾ?"

"ಓದಿದ್ದೆ ಸರ್. ನೋಡಿರ್ಲಿಲ್ಲ."

ಅವರು ವರದಿ ಮುಚ್ಚಿ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಕೇಳಿದ್ದೆಲ್ಲ ಕಾರಿನದೇ ಪ್ರಶ್ನೆಗಳು. ಕ್ಲಚ್ ಯಾಕೆ ಒತ್ತಿಸಿದೆ, ಚಕ್ರ ಯಾಕೆ ಅದಲುಬದಲು ಮಾಡಿದೆ, ಅರವತ್ತಕ್ಕೆ ನಡುಗದೆ ಎಂಬತ್ತಕ್ಕೇ ಯಾಕೆ ನಡುಗಿತು. ಎಲ್ಲಕ್ಕೂ ಉತ್ತರ ನನ್ನ ನೋಟ್‌ಬುಕ್ಕಿನಲ್ಲಿತ್ತು, ನೋಟ್‌ಬುಕ್ ತೆರೆಯಬೇಕಾಗಲಿಲ್ಲ. ಪಾಸಾದೆ. ಅಂಗಡಿಯಿಂದ ತಂದವರೂ ಪಾಸಾದರು. ಅದು ಅವರ ವಿಷಯ.

ಪದವಿ ಪ್ರಮಾಣಪತ್ರ ಬರಲು ಇನ್ನೂ ಕೆಲವು ತಿಂಗಳು ಹಿಡಿಯಿತು. ಅವತ್ತು ಕಾಲೇಜಿನ ಆಫೀಸಿಗೆ ಅಪ್ಪ, ಅಮ್ಮ, ಇಸ್ತ್ರಿ ಶರ್ಟು ಹಾಕಿಕೊಂಡು ಮಾವ, ಎಲ್ಲರೂ ಬಂದಿದ್ದರು. ರಿಜಿಸ್ಟರಿನಲ್ಲಿ ಸಹಿ ಹಾಕಿದೆ, ಗುಮಾಸ್ತೆ ಕಿಟಕಿಯಿಂದ ಕೈಗೆ ಕೊಟ್ಟರು. ನಾನು ಅದನ್ನು ಅಮ್ಮನ ಕೈಗೆ ಕೊಟ್ಟೆ. ಕನ್ನಡದಲ್ಲಿದ್ದ ನನ್ನ ಹೆಸರನ್ನು ಅವಳು ಬೆರಳಿಟ್ಟು ಓದಿದಳು.

ಮಾವ ಕೈ ಚಾಚಿದ. "ಕೊಡಕ್ಕ ಇಲ್ಲಿ. ಒಂದ್ ಕಾಪಿ ತೆಗ್ಸಿ, ಗಾಜು ಹಾಕ್ಸಿ ಗ್ಯಾರೇಜಲ್ಲಿ ನೇತಾಕ್ತೀನಿ. ಕಸ್ಟಮರ್‌ಗಳು ನೋಡ್ಲಿ, ನಮ್ಮಕ್ಕನ ಮಗಳು ಇಂಜಿನಿಯರ್ರು ಅಂತ."

ಅಮ್ಮ ಅದನ್ನು ಅವನ ಕೈಗೆ ಸಿಗದಂತೆ ಎದೆಗೆ ಒತ್ತಿಕೊಂಡಳು.

"ಕಾಗ್ದ ಯಾಕೋ ನಿಂಗೆ? ಬೇಕಾದ್ರೆ ಅವಳ್ನೇ ಕೆಲ್ಸಕ್ಕೆ ಕರಿ. ಸಂಬ್ಳ ಎಷ್ಟು ಅಂತ ಅವಳೇ ಯೋಳ್ತಾಳೆ."