ಸಾಲಿನ ಕೊನೆಯ ಅರವತ್ತು ಸಸಿ

ಧಾಮಿಬಾಯಿಯ ಜೊತೆ ಏಳು ವರ್ಷ ಕೆಲಸ ಮಾಡಿದ ನನ್ನನ್ನು ಯಾರಾದರೂ ಕರೆದು ಶಾಲು ಹೊದಿಸಬೇಕು. ಹೇಳಿಕೊಳ್ಳಲಿಕ್ಕೆ ನಾನು, ಕಂಠೆಪ್ಪ, ನರ್ಸರಿಯ ಸೂಪರ್‌ವೈಸರ್. ಆಕೆ ಪ್ಲಾಸ್ಟಿಕ್ ಚೀಲಗಳಿಗೆ ಮಣ್ಣು ತುಂಬುವ ಹನ್ನೆರಡು ಹೆಂಗಸರಲ್ಲಿ ಒಬ್ಬಳು. ಆದರೆ ಕೊಂಕಣಿ ಸೀಮೆಯ ಸಾವರ್ಡೆಯ ಆ ನರ್ಸರಿಯಲ್ಲಿ ಯಾರ ಮಾತು ನಡೆಯುತ್ತದೆ ಎಂದು ಅಲ್ಲಿನ ನಾಯಿಗೂ ಗೊತ್ತಿತ್ತು. ನಾನು ಸೀಟಿ ಊದಿದರೆ ಹೆಂಗಸರು ತಲೆ ಎತ್ತಿ ಮೊದಲು ಆಕೆಯ ಮುಖ ನೋಡುತ್ತಿದ್ದರು. ಆಕೆ ಎದ್ದರೆ ಎಲ್ಲರೂ ಏಳುವುದು, ಇಲ್ಲದಿದ್ದರೆ ಇಲ್ಲ.

ನರ್ಸರಿ ಇದ್ದದ್ದು ಒಂದು ಗಣಿ ಕಂಪನಿಯ ಡಂಪಿನ ಬುಡದಲ್ಲಿ. ಡಂಪು ಎಂದರೆ ಅದಿರು ತೆಗೆದುಕೊಂಡ ಮೇಲೆ ಬೇಡವಾದ ಮಣ್ಣನ್ನು ಲಾರಿಗಟ್ಟಲೆ ಸುರಿದು ಸುರಿದು ಆದ ಕೆಂಪು ಗುಡ್ಡ. ಕಬ್ಬಿಣ, ಮ್ಯಾಂಗನೀಸು ತುಂಬಿದ ಆ ಮಣ್ಣಿನಲ್ಲಿ ಗಿಡಕ್ಕೆ ಬೇಕಾದದ್ದು ಏನೂ ಇಲ್ಲ, ಬೇಡವಾದದ್ದೆಲ್ಲ ಇದೆ. ಅದರ ಮೇಲೆ ಹಸಿರು ಬೆಳೆಸುವುದು ನಮ್ಮ ಕೆಲಸ. ಮಳೆಗಾಲದಲ್ಲಿ ನೆಡುವುದು, ಬೇಸಿಗೆಯಲ್ಲಿ ಒಣಗುವುದು, ಮತ್ತೆ ನೆಡುವುದು. ಸತ್ತ ಸಸಿಗಳ ವರದಿ ಬರೆದೂ ಬರೆದೂ ನನ್ನ ಅಕ್ಷರವೇ ಕೆಟ್ಟುಹೋಗಿತ್ತು.

ಧಾಮಿಬಾಯಿ ವಿಜಾಪುರದ ಕಡೆಯ ತಾಂಡಾದವಳು. ಈ ಕಡೆ ಬಂದ ಮೊದಲಿಗೆ ಗಂಡ ಥಾವರಪ್ಪನ ಜೊತೆ ಬೀಚಿನ ಮೇಲೆ ಮಣಿಸರ, ಕನ್ನಡಿ ಹಚ್ಚಿದ ಚೀಲ ಮಾರುತ್ತಿದ್ದಳು. ನಾಲ್ಕು ಸಲ ಅಲ್ಲಿಂದ ಓಡಿಸಿದರು, ಐದನೆಯ ಸಲ ತಾನೇ ಬಿಟ್ಟು ಬಂದಳು. ಥಾವರಪ್ಪ ಅದಿರಿನ ಲಾರಿಗಳಿಗೆ ತಾಡಪತ್ರಿ ಕಟ್ಟುವ ಕೆಲಸ ಹಿಡಿದ. ಈಕೆ ಬಂದು ನನ್ನ ಕೊರಳಿಗೆ ಬಿದ್ದಳು.

ನನ್ನ ತಲೆ ಕೆಡಿಸುತ್ತಿದ್ದದ್ದು ಆಕೆಯ ಊಟದ ಪದ್ಧತಿ. ಒಂದು ಗಂಟೆಗೆ ಸೀಟಿ ಊದಿದರೆ ಒಂದೂವರೆಗೆ ಊಟ ಮುಗಿಯಬೇಕು, ಕಂಪನಿಯ ನಿಯಮ. ಮುಗಿದರೆ ತಾನೇ? ಹನ್ನೆರಡೂ ಜನ ಶೆಡ್ಡಿನ ನೆರಳಿನಲ್ಲಿ ಸಾಲಾಗಿ ಕೂತು, ತಂದ ಬುತ್ತಿಯನ್ನೆಲ್ಲ ಧಾಮಿಬಾಯಿಯ ಮುಂದೆ ಇಡಬೇಕು. ಆಕೆ ರೊಟ್ಟಿ ಮುರಿದು, ಪಲ್ಯ, ಖಾರ, ಯಾರಾದರೂ ಒಣಮೀನು ತಂದಿದ್ದರೆ ಅದನ್ನೂ, ಈ ತುದಿಯಿಂದ ಆ ತುದಿಯ ತನಕ ಬಡಿಸಬೇಕು. ಕೊನೆಯವಳ ತಾಟಿಗೆ ಬೀಳುವ ತನಕ ಮೊದಲಿನವಳು ತುತ್ತು ಎತ್ತುವಂತಿಲ್ಲ. ನನ್ನ ಡಬ್ಬಿಯೂ ಹೇಗೋ ಆ ಸಾಲಿಗೆ ಸೇರಿಹೋಯಿತು. ಹೆಂಡತಿ ನನಗೆಂದೇ ಮಾಡಿಕೊಟ್ಟ ಎಣ್ಣೆಗಾಯಿಯಲ್ಲಿ ನನ್ನ ಪಾಲಿಗೆ ಬರುತ್ತಿದ್ದದ್ದು ಕಾಲು ಬದನೆಕಾಯಿ.

ಒಂದು ದಿನ ರೇಗಿದೆ. "ಏನಿದು ನಿನ್ನ ನಾಟಕ? ಅವರವರ ಬುತ್ತಿ ಅವರವರು ಉಂಡ್ರ ಏನಾಕ್ಕತಿ?"

ಆಕೆ ಬಡಿಸುವುದನ್ನು ನಿಲ್ಲಿಸದೆ ಹೇಳಿದಳು. ಸಣ್ಣವಳಿದ್ದಾಗ ತಾಂಡಾದ ಒಂದು ಮದುವೆಯಲ್ಲಿ ತಮ್ಮನನ್ನು ತೊಡೆಯ ಮೇಲೆ ಕೂಡಿಸಿಕೊಂಡು ಪಂಕ್ತಿಯ ಕೊನೆಗೆ ಕೂತಿದ್ದಳಂತೆ. ಬಡಿಸುವವರ ಬುಟ್ಟಿ ಆಕೆಯ ಮುಂದೆ ಬರುವ ಹೊತ್ತಿಗೆ ಬರಿದಾಯಿತು. ಆಚೆಯವರು ಉಣ್ಣುತ್ತಲೇ ಇದ್ದರಂತೆ.

"ಎಲಿ ಮುಂದ ಹಾಕ್ಕೊಂಡು ಕುಂತಾವ್ರಿಗೆ ಇಲ್ಲ ಅನ್ನೂದು, ಅಣ್ಣಾರ, ಅದು ಬಡಿಸಿದಾವ್ರ ಪಾಪ."

ನಾನು "ಹೂಂ" ಅಂದು ಸೀಟಿ ಊದಿದೆ. ಆ ಮಾತನ್ನು ಅವತ್ತೇ ಮನಸ್ಸಿಟ್ಟು ಕೇಳಿದ್ದರೆ ಮುಂದಿನ ತಾಪತ್ರಯ ತಪ್ಪುತ್ತಿತ್ತು.

2008ರ ಫೆಬ್ರುವರಿಯಲ್ಲಿ ಕಾಲೇಜೊಂದರಿಂದ ಸುಲಕ್ಷಾ ಮೇಡಂ ಎಂಬ ಸಂಶೋಧಕಿ ಬಂದರು. ಜೊತೆಗೆ ಒಂದು ಡಬ್ಬಿ. ಅದರೊಳಗೆ ಮರಳಿನಂಥ ಪುಡಿ. ಕೊಂಕಣಿ ಬೆರೆತ ಹಿಂದಿಯಲ್ಲಿ ಅರ್ಧ ಗಂಟೆ ವಿವರಿಸಿದರು. ಬೇರಿನೊಳಗೆ ಮನೆ ಮಾಡಿಕೊಳ್ಳುವ ಒಂದು ಬಗೆಯ ಬೂಷ್ಟು ಇದೆಯಂತೆ. ಗೋವಿನಜೋಳದ ಬೇರಿನಲ್ಲಿ ಅದನ್ನು ಬೆಳೆಸಿ, ಬೇರನ್ನು ಸಣ್ಣಗೆ ಕತ್ತರಿಸಿ, ಮರಳಿನ ಸಮೇತ ತಂದಿದ್ದರು. ಅದರ ಎಳೆಗಳು ಕೂದಲಿಗಿಂತ ತೆಳ್ಳಗೆ, ಬೇರು ಹೋಗಲಾರದ ಸಂದಿಗಳಿಗೆ ಹೋಗಿ ರಂಜಕವನ್ನೂ ನೀರನ್ನೂ ಎಳೆದು ತರುತ್ತವೆ. ಮಣ್ಣಿನಲ್ಲಿ ಅತಿಯಾದ ಲೋಹವನ್ನು ತಮ್ಮಲ್ಲೇ ಬಹಳಷ್ಟು ಹಿಡಿದಿಟ್ಟು ಗಿಡಕ್ಕೆ ಹೋಗದಂತೆ ತಡೆಯುತ್ತವೆ. ಗಿಡ ಅದಕ್ಕೆ ಪ್ರತಿಯಾಗಿ ತಾನು ಮಾಡಿದ ಸಕ್ಕರೆಯಲ್ಲಿ ಪಾಲು ಕೊಡುತ್ತದೆ.

ಇಷ್ಟನ್ನೂ ಬಿಸಿಲಲ್ಲಿ ನಿಂತು ಕನ್ನಡಕ್ಕೆ ತಿರುವುವ ಕರ್ಮ ನನ್ನದು. ನಾನು ಚಿಕ್ಕದು ಮಾಡಿದೆ. "ಇದು ಬೇರಿಗೆ ಊಟ. ನಾಕುನೂರು ಚೀಲಕ್ಕ ಕೆಂಪು ಪಟ್ಟಿ ಕಟ್ಟೀವಿ, ಅವಕ್ಕ ಒಂದೊಂದು ಚಮಚ ಹಾಕ್ರಿ, ಪುಡಿ ಅಷ್ಟಕ್ಕ ಐತಿ. ನಾಕುನೂರು ಬಿಳಿ ಪಟ್ಟಿಯವು. ಅವಕ್ಕ ಹಾಕಬ್ಯಾಡ್ರಿ."

"ಬಿಳೀವು ಏನ್ ಪಾಪ ಮಾಡ್ಯಾವ್ರಿ?" ಧಾಮಿಬಾಯಿ ಕೇಳಿದಳು.

"ಹೋಲಿಸಿ ನೋಡಾಕ."

"ಉಪವಾಸ ಕೆಡವಿ ನೋಡೂದೇನೈತ್ರಿ? ಉಪವಾಸ ಇದ್ದದ್ದು ಸೊರಗತೈತಿ. ಅಷ್ಟು ತಿಳ್ಕೊಳಾಕ ಕಾಲೇಜು ಬೇಕೇನು?"

ಮೇಡಂ "ಏನಂತೆ?" ಎಂದರು. "ಎಲ್ಲ ತಿಳಿಯಿತಂತೆ" ಎಂದೆ.

ಎಂಟುನೂರು ಚೀಲಗಳಿಗೂ ಡಂಪಿನದೇ ಮಣ್ಣು, ಒಂದೇ ಮರದ ಹೊಂಗೆ ಬೀಜ. ಅಳತೆ ತಪ್ಪದ ಕೈ ಎಂದು ಪುಡಿ ಹಾಕುವ ಕೆಲಸವನ್ನು ಧಾಮಿಬಾಯಿಗೇ ಕೊಟ್ಟೆ. ಮೊದಲ ಅರವತ್ತು ಚೀಲಕ್ಕೆ ಮೇಡಂ ಎದುರು ನಿಂತು ತುಂಬು ಚಮಚ ಹಾಕಿಸಿದರು. ಆಮೇಲೆ ಅವರು ಬಸ್ಸಿಗೆ ಹೋದರು, ನಾನು ಪೈಪು ತರಲು ಸ್ಟೋರಿಗೆ ಹೋದೆ. ಮೂರು ವಾರದ ನಂತರ ಧಾಮಿಬಾಯಿ ಬಂದು, ಬಿಳಿ ಪಟ್ಟಿಯ ಅರವತ್ತು ಮೊಳೆಯಲಿಲ್ಲ, ಎಸೆದೆ ಎಂದಳು. ಹೋಗಿ ನೋಡಲು ನನಗೇನು ಹುಚ್ಚೇ? ಹಾಗೆಯೇ ಬರೆದುಕೊಂಡೆ.

ಅಂದಿನಿಂದ ದಿನವೂ ಸಂಜೆ ಆಕೆ ತಲೆಯ ಮೇಲೆ ಕೊಡ ಹೊತ್ತು ಪಂಪಿನ ಮನೆಯ ಹಿಂದೆ ಹೋಗುವುದು ಕಾಣಿಸುತ್ತಿತ್ತು. ಕಂಪನಿಯ ನೀರಿನಲ್ಲಿ ಮೆಣಸಿನಗಿಡ ಬೆಳೆಸಿಕೊಂಡಿದ್ದಾಳೆ ಎಂದುಕೊಂಡು ಎರಡು ಸಲ ಬೈದೆ. ಆಕೆ ತಲೆ ತಗ್ಗಿಸಿ ಬೈಸಿಕೊಂಡಳು. ತಲೆ ತಗ್ಗಿಸುವ ಪೈಕಿಯವಳಲ್ಲ ಆಕೆ, ಆಗಲೇ ನನಗೆ ಅನುಮಾನ ಬರಬೇಕಿತ್ತು.

ಜೂನಿನಲ್ಲಿ ಸಸಿಗಳಿಗೆ ಅವುಗಳ ಪಟ್ಟಿಯನ್ನೇ ಕಟ್ಟಿ ಡಂಪಿನ ಮೇಲೆ ನೆಟ್ಟೆವು. ಮುಂದಿನ ಫೆಬ್ರುವರಿಗೆ ನೋಡಿದರೆ ನನಗೇ ನಂಬಿಕೆ ಬರಲಿಲ್ಲ. ಸೊಂಟದೆತ್ತರಕ್ಕೆ ಹೊಂಗೆ ನಿಂತಿತ್ತು, ಎಲೆ ಮಿರಿಮಿರಿ. ನಾನು ಸೇರಿದ ಮೇಲೆ ಆ ಗುಡ್ಡ ಹಸಿರಾದದ್ದು ಅದೇ ಮೊದಲು. ಖುಷಿಯಲ್ಲಿ ಹೆಂಗಸರಿಗೆಲ್ಲ ಚಹಾ ತರಿಸಿದೆ.

ಆ ಚಹಾ ಇಳಿಯುವ ಮೊದಲೇ ಮ್ಯಾನೇಜರ್ ಕರೆಸಿದರು. ಸುಲಕ್ಷಾ ಮೇಡಂ ಅಲ್ಲೇ ಕೂತಿದ್ದರು, ಮುಖ ಬಿಳಿಚಿಕೊಂಡಿತ್ತು.

"ಕೆಂಪು ಪಟ್ಟಿಯದೂ ಅಷ್ಟೇ, ಬಿಳಿ ಪಟ್ಟಿಯದೂ ಅಷ್ಟೇ," ಎಂದರು ಮ್ಯಾನೇಜರ್. "ಅಂದರೆ ನಿಮ್ಮ ಪುಡಿಯಿಂದ ಏನೂ ಆಗಿಲ್ಲ. ಈ ಸಲ ಮಳೆ ಚೆನ್ನಾಗಿತ್ತು, ಬದುಕಿದವು. ಮಳೆ ನಂಬಿ ನರ್ಸರಿ ನಡೆಸೋಕಾಗಲ್ಲ. ಮುಂದಿನ ತಿಂಗಳು ಮುಚ್ಚಿಬಿಡಿ. ಡಂಪಿಗೆ ಹೊರಗಿನವರು ಬಂದು ಮಣ್ಣು ಜಾರದ ಹಾಗೆ ಬಲೆ ಹೊದಿಸ್ತಾರೆ."

ಹನ್ನೆರಡು ಹೆಂಗಸರ ಕೆಲಸ, ನನ್ನದು ಹದಿಮೂರನೆಯದು, ಆ ಒಂದು ಮಾತಿನಲ್ಲಿ ಹೋಯಿತು. ಗಿಡ ಸತ್ತಾಗ ನಡೆದ ನರ್ಸರಿ ಗಿಡ ಬದುಕಿದ್ದಕ್ಕೆ ಮುಚ್ಚುತ್ತದೆ ಎಂದರೆ ಯಾರ ಮುಂದೆ ಹೇಳಿಕೊಳ್ಳುವುದು!

ಮೇಡಂ ಬಿಡಲಿಲ್ಲ. ಬಿಳಿ ಪಟ್ಟಿಯ ಗಿಡಗಳ ಬೇರು ಬಿಡಿಸಿಕೊಂಡು ಹೋಗಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಮೂರನೆಯ ದಿನ ಮ್ಯಾನೇಜರನ್ನೂ ಕರೆದುಕೊಂಡು ನೇರ ಶೆಡ್ಡಿಗೇ ಬಂದರು. "ಬಿಳಿ ಪಟ್ಟಿಯ ಬೇರಿನ ತುಂಬ ನನ್ನ ಬೂಷ್ಟು ಇದೆ. ಇವಕ್ಕೆ ಪುಡಿ ಹಾಕಿದವರು ಯಾರು?"

ನಾನು ತಿರುವಿ ಹೇಳುವುದೇ ತಡ, ಧಾಮಿಬಾಯಿ ಎದ್ದು ನಿಂತಳು. "ನಾನ್ರಿ."

"ಹಾಕಬ್ಯಾಡ ಅಂದಿದ್ನಿಲ್ಲೋ ನಾ?"

"ಅರ್ಧರ್ಧ ಚಮಚ ಮಾಡಿ ಎಲ್ಲಾವಕ್ಕೂ ಹಾಕಿದ್ನಿ. ಸಾಲಿನ್ಯಾಗ ಕುಂತಾವ್ರಿಗೆ ಒಬ್ರಿಗೆ ಹಾಕಿ ಒಬ್ರಿಗೆ ಬಿಡಾಕ ನನ್ನ ಕೈ ಬರಲಿಲ್ಲ."

ನನಗೆ ಎಲ್ಲಿತ್ತೋ ಸಿಟ್ಟು. "ಹನ್ನೆರಡು ಮಂದಿ ಹೊಟ್ಟಿ ಮ್ಯಾಲ ಹೊಡದಿ ನೀ! ಸಾಲಿನ್ಯಾಗ ಕುಂತಾವ್ರಂತ, ಬಡಸೂದಂತ! ಈಗ ಈ ಹನ್ನೆರಡು ಮಂದೀಗೆ ಯಾರು ಬಡಸ್ತಾರ, ಹೇಳು?"

ಆಕೆ ಜಗ್ಗಲಿಲ್ಲ. ಆಕೆ ಮಾಡಿದ್ದನ್ನು ಅವರಿಬ್ಬರಿಗೂ ಹಿಂದಿಯಲ್ಲಿ ಹೇಳಿದೆ. ಮ್ಯಾನೇಜರ್ ಕೈ ಕೊಡವಿದರು. "ಹಾಗಾದರೆ ಪುಡಿ ಇಲ್ಲದ ಗಿಡ ಒಂದೂ ಇಲ್ಲ. ಸಾಬೀತು ಮಾಡೋದು ಹೇಗೆ? ಇನ್ನೊಂದು ವರ್ಷ ಕಾಯೋಕೆ ನನಗೆ ಆಗಲ್ಲ."

ಮೇಡಂ ಸೋತ ದನಿಯಲ್ಲಿ ಕೇಳಿದರು. "ಒಂದನ್ನೂ ಬಿಡಲಿಲ್ಲವಾ ಬಾಯಿ?"

ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಅಷ್ಟು ಬೈದರೂ ಬಾಡದ ಮುಖ ಆಗ ಬಾಡಿತು. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಡೆದಳು. ನಾವು ಹಿಂದೆ ಹೋದೆವು.

ಪಂಪಿನ ಮನೆಯ ಹಿಂದೆ, ಅದೇ ಡಂಪಿನ ಮಣ್ಣಿನಲ್ಲಿ, ಅರವತ್ತು ಹೊಂಗೆ. ಗೇಣುದ್ದ. ಎಲೆ ಹಳದಿ, ಅಂಚು ಸುಟ್ಟಂತೆ. ಅರ್ಧಕ್ಕಿಂತ ಹೆಚ್ಚು ಬರೀ ಕಡ್ಡಿ. ಒಂದೊಂದರ ಬುಡಕ್ಕೂ ಮಡಿ ಕಟ್ಟಿ, ತರಗೆಲೆ ಮುಚ್ಚಿತ್ತು. ಮಣ್ಣು ತೇವವಾಗಿತ್ತು.

"ಮೊದಲಿನ ಅರವತ್ತಕ್ಕ ಮೇಡಮ್ಮಾರು ನಿಂತು ತುಂಬ ಹಾಕ್ಸಿದ್ರು. ಹಿಂಗಾಗಿ ಕಡೀ ಅರವತ್ತಕ್ಕ ಬರಲೇ ಇಲ್ರಿ ಪುಡಿ," ಎಂದಳು. "ಯಾವ ಮಾರಿಲೆ ತೋರಸ್ಲಿ? ಮೊಳೀಲಿಲ್ಲ ಅಂತ ಸುಳ್ಳು ಹೇಳಿ ಇಲ್ಲಿ ತಂದು ಹಚ್ಚಿದ್ನಿ. ವರ್ಷಪೂರ್ತಿ ನೀರು ಹೊತ್ತು ಹಾಕೀನಿ. ನೀರಿಗೆ ಹೊಟ್ಟಿ ತುಂಬತೈತೇನ್ರಿ ಅಣ್ಣಾರ?"

ನಾನು ಹಿಂದಿಯಲ್ಲಿ ಹೇಳುತ್ತಿದ್ದಂತೆ ಮೇಡಂ ಅಲ್ಲೇ ಕೆಂಪು ಮಣ್ಣಿನಲ್ಲಿ ಕುಕ್ಕರಗಾಲಲ್ಲಿ ಕೂತರು. ಅದೇ ಬೀಜ, ಅದೇ ಮಣ್ಣು, ಉಳಿದವಕ್ಕಿಂತ ಹೆಚ್ಚು ನೀರು. ಇಲ್ಲದ್ದು ಪುಡಿಯೊಂದೇ. ಮ್ಯಾನೇಜರ್ ಆ ಕಡ್ಡಿಗಳನ್ನು ನೋಡಿದರು, ಮೇಲಿನ ಹಸಿರು ಗುಡ್ಡವನ್ನು ನೋಡಿದರು, ಮತ್ತೆ ಕಡ್ಡಿಗಳನ್ನು ನೋಡಿದರು. "ನಡೀಲಿ ಬಿಡಿ ನರ್ಸರಿ," ಎಂದು ಹೊರಟರು. ನಾನು ಮೇಡಂ ಮುಖ ನೋಡಿ ನಕ್ಕೆ, ಅವರೂ ನಕ್ಕರು.

"ಉಪವಾಸ ಸತ್ತಾವನ್ನ ನೋಡಿ ನಗಾಕತ್ತೀರಿ," ಎಂದಳು ಧಾಮಿಬಾಯಿ. ನಮ್ಮ ನಗು ಅಲ್ಲೇ ಇಂಗಿತು.

ಮೇಡಂ ಆಕೆಯ ಕೈ ಹಿಡಿದು ಹೇಳಿದರು. "ಅದು ಊಟ ಅಲ್ಲ ಬಾಯಿ, ಜೀವ. ತಾನೇ ಬೆಳೆಯುತ್ತೆ. ನೀನು ಚಿಟಿಕೆ ಚಿಟಿಕೆ ಹಾಕಿದ್ದರೂ ಎಲ್ಲವಕ್ಕೂ ಸಾಕಾಗುತ್ತಿತ್ತೋ ಏನೋ."

ಇದನ್ನು ಈ ಸಲ ಚಿಕ್ಕದು ಮಾಡದೆ ಕನ್ನಡದಲ್ಲಿ ಹೇಳಿದೆ. ಧಾಮಿಬಾಯಿ ನನ್ನನ್ನೇ ನೋಡಿದಳು. "ಊಟ ಅಂದಿದ್ರಲ್ರಿ, ಅಣ್ಣಾರ. ಚಿಟಿಕಿ ಸಾಕಂತ ಅವತ್ತ ಹೇಳಿದ್ರ ಇವಕ್ಕೂ ಹಾಕತಿದ್ನಲ್ರಿ." ಒಂದು ವರ್ಷ ಆಕೆ ಹೊತ್ತ ನೀರೆಲ್ಲ ನನ್ನ ಸೋಮಾರಿ ಬಾಯಿಯಿಂದ ಬಂದದ್ದು.

ಆ ಅರವತ್ತನ್ನು ಒಂದು ವಾರ ಮುಟ್ಟಬಾರದೆಂದು ಮೇಡಂ ಹೇಳಿಹೋದರು. ವಾರದ ಮೇಲೆ ಬಂದು ಅಳತೆ ತೆಗೆದು, ಹತ್ತು ಗಿಡ ಕಿತ್ತುಕೊಂಡು ಹೋದರು. ಅವರ ಜೀಪು ತಿರುವು ದಾಟುತ್ತಿದ್ದಂತೆ ನಾನು ಊಟದ ಸೀಟಿ ಊದಿದೆ. ಹೆಂಗಸರು ಸಾಲಾಗಿ ಕೂತರು, ಬುತ್ತಿ ಮುಂದಿಟ್ಟರು. ಬಡಿಸುವವಳು ಮಾತ್ರ ಚಮಚ ಹಿಡಿದು ನನ್ನ ಮುಂದೆ ನಿಂತಿದ್ದಳು.

"ಈಗರ ಹಾಕ್ಲ್ಯಾ?"

ಕಪಾಟಿನ ಬೀಗ ತೆಗೆದು, ಮೇಡಂ ಬಿಟ್ಟುಹೋದ ಹೊಸ ಪುಡಿಯ ಡಬ್ಬಿಯನ್ನು ಆಕೆಯ ಕೈಗಿಟ್ಟೆ. ಆಕೆ ಪಂಪಿನ ಮನೆಯ ಹಿಂದೆ ಕೂತು, ಕೋಲಿನಿಂದ ಬುಡಕ್ಕೊಂದು ಕುಣಿ ಮಾಡಿ, ಒಂದೊಂದಕ್ಕೂ ಹಾಕುತ್ತ ಹೋದಳು. ಚಿಟಿಕೆಯಲ್ಲ, ತುಂಬು ಚಮಚ. ಒಣಗಿದ ಕಡ್ಡಿಗೂ ಹಾಕಿದಳು.

"ಅದು ಸತ್ತೈತಿ," ಎಂದೆ.

"ಸಾಲಿನ್ಯಾಗ ಐತಲ್ರಿ," ಎಂದಳು.

ಆಕೆ ಕೈ ತೊಳೆದು ಬಂದು ರೊಟ್ಟಿ ಮುರಿಯುವಾಗ ಎರಡೂವರೆ. ಅಲ್ಲಿಯ ತನಕ ಯಾರೂ ತಾಟು ಮುಟ್ಟಿರಲಿಲ್ಲ. ಹೊಟ್ಟೆ ಚುರುಗುಡುತ್ತಿತ್ತು, ಆದರೂ ನಾನು ಸಾಲಿನ ಕೊನೆಗೆ ಹೋಗಿ ಕೂತೆ. ಆ ದಿನ ಊಟ ಮುಗಿಸುವ ಸೀಟಿ ಊದಲಿಲ್ಲ.